ಕಮಲಾಕ್ಷಿ ಹುಡುಕಿ ತಂದ ಎಂಜಿನಿಯರು

ವಿಶಾಖಪಟ್ಟಣದ ಸಿರಿಪುರಂ ಹತ್ತಿರ, ಎರಡನೇ ಮಹಡಿಯ ಒಂದು ಕಚೇರಿಯಲ್ಲಿ ಕೆಲಸಕ್ಕೆ ಜನರನ್ನು ಆರಿಸುವ ಹೊಣೆ ಕಮಲಾಕ್ಷಿಯದು. ದಾವಣಗೆರೆಯ ಹೆಣ್ಣುಮಗಳು. ಓದಿದ್ದು ಬಿ.ಕಾಂ. ಕಾಂಕ್ರೀಟಿನಲ್ಲಿ ಕಬ್ಬಿಣ ಯಾಕೆ ಹಾಕುತ್ತಾರೆ ಅನ್ನುವುದೂ ಅಲ್ಲಿಗೆ ಬಂದ ಮೇಲೆ ಗೊತ್ತಾದದ್ದು. ಆದರೂ ಆ ಕಚೇರಿಯ ಎಂಜಿನಿಯರುಗಳಲ್ಲಿ ಹೆಚ್ಚಿನವರು ಅವಳೆದುರು ಕೂತು, ಅವಳು ತರಿಸಿದ ಟೀ ಕುಡಿದು, ಅವಳಿಗೆ ಒಪ್ಪಿಗೆಯಾದ ಮೇಲೆಯೇ ಒಳಗೆ ಬಂದವರು.

ಆ ಕಚೇರಿ ಕಟ್ಟಡಗಳನ್ನು ಕಟ್ಟುವುದಿಲ್ಲ. ಕಟ್ಟಿದ್ದು ಬಿದ್ದರೆ, ಬಿರಿದರೆ, ವಾಲಿದರೆ ಯಾಕೆ ಹಾಗಾಯಿತು ಎಂದು ಪತ್ತೆ ಮಾಡಿ ಹೇಳುತ್ತದೆ. ವಿಮೆಯವರು ಕೇಳುತ್ತಾರೆ, ನ್ಯಾಯಾಲಯ ಕೇಳುತ್ತದೆ, ಕೆಲವು ಸಲ ಹೆದರಿದ ಮನೆಯವರೇ ಬಂದು ಕೇಳುತ್ತಾರೆ. ಇದಕ್ಕೆ ಫೊರೆನ್ಸಿಕ್ ಎಂಜಿನಿಯರಿಂಗ್ ಎಂದು ಹೆಸರು. ಕಮಲಾಕ್ಷಿಯ ಗಂಡ ನಂದೀಶ್ ಮಾತ್ರ ಅದನ್ನು ಕಟ್ಟಡಗಳ ಪೋಸ್ಟ್‌ಮಾರ್ಟಂ ಎನ್ನುತ್ತಿದ್ದ.

ನಂದೀಶ್ ಬ್ಯಾಂಕಿನ ಅಧಿಕಾರಿ. ಹುದ್‌ಹುದ್ ಚಂಡಮಾರುತ ಬಂದ ವರ್ಷವೇ ಅವನಿಗೆ ವಿಶಾಖಪಟ್ಟಣಕ್ಕೆ ವರ್ಗವಾಗಿತ್ತು. ಎರಡು ವರ್ಷ ಇದ್ದು ಹೋಗುವ ಲೆಕ್ಕದಲ್ಲಿ ಬಂದವರು. ಅರ್ಧ ಪಾತ್ರೆಗಳನ್ನು ಗಂಟಿನಿಂದ ಬಿಚ್ಚಿಯೇ ಇರಲಿಲ್ಲ. ಗಾಳಿ ಊರನ್ನು ಜಾಲಾಡಿಸಿ ಹೋದ ಮೇಲೆ ಈ ಕಚೇರಿಯ ಫೋನು ಕೆಳಗಿಡುವಂತಿರಲಿಲ್ಲ. ಯಜಮಾನರಾದ ರಾಮಮೋಹನ್ ಫೋನು ಎತ್ತುವವರು ಯಾರಾದರೂ ಸಿಕ್ಕರೆ ಸಾಕು ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಅದೇ ಬೀದಿಯಲ್ಲಿ ಬಾಡಿಗೆಗಿದ್ದ ಕಮಲಾಕ್ಷಿ ಚೀಟಿ ನೋಡಿ ಒಳಗೆ ಹೋದಳು. ತೆಲುಗು ಬರುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಳು. ಎರಡು ದಿನದಲ್ಲಿ ಬರುತ್ತದೆ, ಕೂತುಕೋ ಎಂದರು ಅವರು.

ಹಾಗೆ ಅವಳು ತೆಲುಗು ಕಲಿತದ್ದು ಛಾವಣಿ ಕಳೆದುಕೊಂಡವರಿಂದ. ಕೂಲಿಪೋಯಿಂದಿ ಅಂದರೆ ಕುಸಿಯಿತು, ಪಗಿಲಿಪೋಯಿಂದಿ ಅಂದರೆ ಒಡೆಯಿತು, ಎಗಿರಿಪೋಯಿಂದಿ ಅಂದರೆ ಹಾರಿಹೋಯಿತು. ತರಕಾರಿಯ ಹೆಸರುಗಳು ಬರುವುದಕ್ಕೆ ಮುಂಚೆ ಈ ಮಾತುಗಳು ಬಂದವು. ಅತ್ತುಕೊಂಡು ಫೋನು ಮಾಡಿದವರನ್ನು ಸಮಾಧಾನ ಮಾಡಿ, ವಿಳಾಸ ಬರೆದುಕೊಂಡು, ಯಾರು ಯಾವ ದಿನ ಬರುತ್ತಾರೆಂದು ತಿಳಿಸುವಷ್ಟರಲ್ಲಿ ಒಂದು ವರ್ಷ ಹೋಯಿತು. ಆಮೇಲೆ ಕಚೇರಿ ಬೆಳೆಯಿತು, ಜನ ಬೇಕಾದರು, ಜನರನ್ನು ಹುಡುಕುವ ಕೆಲಸ ಅವಳ ಪಾಲಿಗೆ ಬಂತು.

ಎಂಜಿನಿಯರನ್ನು ಎಂಜಿನಿಯರ್ ಅಲ್ಲದವಳು ಹೇಗೆ ಆರಿಸುತ್ತಾಳೆ ಎಂದು ಮೊದಮೊದಲು ಕಚೇರಿಯಲ್ಲೇ ನಕ್ಕವರಿದ್ದರು. ಅವಳು ಕೇಳುತ್ತಿದ್ದದ್ದು ಒಂದೇ. ನೀವು ನೋಡಿದ ಯಾವುದಾದರೂ ಒಂದು ಕುಸಿತ ಯಾಕಾಯಿತೆಂದು ನನಗೆ ತಿಳಿಯುವ ಹಾಗೆ ಹೇಳಿ, ಎಂದು. ಕೆಲವರು ಹೇಳುತ್ತ ಹೇಳುತ್ತ ಅವಳ ಮುಖ ನೋಡಿ ಮಾತು ಬದಲಿಸುತ್ತಿದ್ದರು, ಮೇಜಿನ ಮೇಲಿನ ಪೆನ್ನು, ಲೋಟ ಜೋಡಿಸಿ ತೋರಿಸುತ್ತಿದ್ದರು. ಕೆಲವರು ಅವಳಿಗೆ ಅರ್ಥವಾಗದಿರುವುದು ಅವಳದೇ ತಪ್ಪು ಎನ್ನುವ ಹಾಗೆ ಮುಂದುವರಿಯುತ್ತಿದ್ದರು. ನಾಳೆ ಸಾಕ್ಷಿಕಟ್ಟೆಯಲ್ಲಿ ನಿಂತು ನ್ಯಾಯಾಧೀಶರಿಗೆ ಹೇಳಬೇಕಾದವರು ಇವರೇ ತಾನೆ? ಅವರೂ ಎಂಜಿನಿಯರ್ ಅಲ್ಲವಲ್ಲ. ಇಷ್ಟೇ ಅವಳ ತರ್ಕ. ಲೆಕ್ಕ, ಪದವಿ, ಅನುಭವ ಎಲ್ಲ ರಾಮಮೋಹನ್ ನೋಡುತ್ತಿದ್ದರು. ಅವಳು ಇದನ್ನು ನೋಡುತ್ತಿದ್ದಳು. ಅವಳ ಆಯ್ಕೆ ತಪ್ಪಿದ್ದು ಕಡಿಮೆ. ಅದು ಅವಳಿಗೂ ಗೊತ್ತಿತ್ತು.

ರಾಮಮೋಹನ್‌ಗೆ ಅರವತ್ತೆಂಟಾಯಿತು. ಮೊಣಕಾಲು ಸವೆದು ಏಣಿ ಹತ್ತುವುದು ನಿಂತಿತು. ಆದರೂ ಪ್ರತಿಯೊಂದು ವರದಿ ಅವರ ಮೇಜಿಗೆ ಹೋಗಿ, ಅವರು ಪೆನ್ಸಿಲಿನಲ್ಲಿ ತಿದ್ದಿ, ಅವರ ಹೆಸರಿನಲ್ಲೇ ಹೊರಗೆ ಹೋಗಬೇಕಿತ್ತು. ವರದಿಗಳು ಅಲ್ಲಿ ವಾರಗಟ್ಟಲೆ ಕೂರುತ್ತಿದ್ದವು. ಕಾದು ಕಾದು ಬೇಸತ್ತ ಎಂಜಿನಿಯರ್ ಹುಡುಗರಲ್ಲಿ ಇಬ್ಬರು ಬೇರೆ ಕಡೆ ಹೋದರು. ಕೊನೆಗೆ ರಾಮಮೋಹನ್ ಅವರೇ ಕಮಲಾಕ್ಷಿಯನ್ನು ಕರೆದು, ಈ ವಿಭಾಗಕ್ಕೆ ಒಬ್ಬ ಹಿರಿಯ ಮುಖ್ಯಸ್ಥ ಬೇಕು, ನನ್ನ ಜಾಗದಲ್ಲಿ ಕೂರುವಂಥವರು, ಹುಡುಕು ಎಂದರು.

ಅವಳು ಹುಡುಕಿದಳು. ಚೆನ್ನೈನಿಂದ ಒಬ್ಬ ಪ್ರಾಧ್ಯಾಪಕರು ಬಂದರು. ಮಾತು ಜಾಸ್ತಿ ಎಂದರು ರಾಮಮೋಹನ್. ನಿವೃತ್ತ ಮುಖ್ಯ ಎಂಜಿನಿಯರ್ ಒಬ್ಬರು ಬಂದರು. ಸರ್ಕಾರಿ ಬರವಣಿಗೆ ಎಂದರು. ಸೂರ್ಯಪ್ರಕಾಶ ಎಂಬುವವರು ಮಸ್ಕತ್‌ನಲ್ಲಿ ಇಪ್ಪತ್ತು ವರ್ಷ ಇದ್ದು ಬಂದವರು, ಕಮಲಾಕ್ಷಿಗೆ ಪೂರ್ತಿ ಒಪ್ಪಿಗೆಯಾಗಿದ್ದರು. ಅವರು ಕೆಲಸದ ಜಾಗಕ್ಕೆ ಚಪ್ಪಲಿ ಹಾಕಿಕೊಂಡು ಬಂದರು ಎಂದು ರಾಮಮೋಹನ್ ಬೇಡವೆಂದರು. ಒಂದೊಂದು ಕಾರಣವೂ ಕೇಳುವುದಕ್ಕೆ ಸರಿಯಾಗಿಯೇ ಇರುತ್ತಿತ್ತು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಕಮಲಾಕ್ಷಿಗೆ ಅನುಮಾನ ಬಂತು. ಅವಳು ಅದನ್ನು ಆಗಲೇ ಯಾರಿಗೂ ಹೇಳಲಿಲ್ಲ.

ಅಷ್ಟು ಹೊತ್ತಿಗೆ ನಂದೀಶ್‌ಗೆ ವಿಜಯವಾಡಕ್ಕೆ ವರ್ಗವಾಗಿತ್ತು. ಮಗಳು ತನುಶ್ರೀ ಎಂಟನೇ ತರಗತಿಯಲ್ಲಿದ್ದಳು. ಶಾಲೆ ಬಿಡಿಸುವುದು ಬೇಡವೆಂದು ತಾಯಿ ಮಗಳು ವಿಶಾಖಪಟ್ಟಣದಲ್ಲೇ ಉಳಿದಿದ್ದರು. ಮನೆಯಲ್ಲಿ ಕನ್ನಡವೇ ಆಡಬೇಕೆಂದು ಕಮಲಾಕ್ಷಿಯ ಕಟ್ಟುನಿಟ್ಟು. ಆದರೂ ತನುಶ್ರೀ ಶಾಲೆಯಿಂದ ಬಂದು ಬ್ಯಾಗು ಎಸೆದು, "ಅಮ್ಮಾ, ಆಕಲಿ ಆಗ್ತೈತೆ, ಏನಾದ್ರೂ ಪೆಟ್ಟು" ಎನ್ನುವಾಗ, ಹಸಿವೆಗೂ ಬಡಿಸುವುದಕ್ಕೂ ಕನ್ನಡದಲ್ಲಿ ಬೇರೆ ಮಾತಿದೆ ಎಂದು ನೆನಪಿಸುವ ಮೊದಲು ತಟ್ಟೆ ಹಾಕಬೇಕಾಗುತ್ತಿತ್ತು.

ತಿಂಗಳಿಗೊಂದು ಸಲ ಇಬ್ಬರೂ ವಿಜಯವಾಡಕ್ಕೆ ಹೋಗುತ್ತಿದ್ದರು. ಹಾಗೆ ಹೋದ ಒಂದು ಭಾನುವಾರ, ಲಬ್ಬೀಪೇಟೆಯ ಬಾಡಿಗೆ ಮನೆಯಲ್ಲಿ ರೊಟ್ಟಿ ತಿನ್ನುತ್ತ ನಂದೀಶ್ ತನ್ನ ಶಾಖೆಯ ಸುದ್ದಿ ತೆಗೆದ. ಲಾಕರ್ ಕೋಣೆಯ ಗೋಡೆಯಲ್ಲಿ ಬಿರುಕು ಬಿಟ್ಟಿತ್ತಂತೆ. ಬುಡಮೇರು ಹಳ್ಳ ಉಕ್ಕಿ ಊರಿಗೆ ನುಗ್ಗಿದ ಮೇಲೆ ವಿಜಯವಾಡದಲ್ಲಿ ಎಲ್ಲಿ ಬಿರುಕು ಕಂಡರೂ ಜನ ಹೆದರುತ್ತಿದ್ದರು. ಬ್ಯಾಂಕಿನವರು ಒಬ್ಬ ಎಂಜಿನಿಯರಮ್ಮನನ್ನು ಕರೆಸಿದ್ದರು.

"ಆಯಮ್ಮ ಬಂದ್ರು, ಗೋಡೆ ಕಡೆ ನೋಡ್ಲೇ ಇಲ್ಲ ನೋಡು," ಎಂದ ನಂದೀಶ್. "ಮೊದ್ಲು ಟಾಯ್ಲೆಟ್ ಎಲ್ಲೈತಿ ಅಂತ ಕೇಳಿದ್ರು. ಪಾಪ, ಬಿಸಿಲಾಗೆ ದೂರದಿಂದ ಬಂದಾರೆ ಅಂದ್ಕೊಂಡು ತೋರಿಸಿದೆ. ಅಲ್ಲೇ ನಿಂತು ಅದೇ ಗೋಡೇನ ಹಿಂದಿನಿಂದ ತಟ್ಟಾಕ ಶುರು ಮಾಡಿದ್ರು. ಪೈಪ್ ಸೋರ್ತೈತಿ, ಗೋಡೆ ನೀರು ಕುಡಿದೈತಿ, ಕಟ್ಟಡಕ್ಕೇನೂ ಆಗಿಲ್ಲ, ಪ್ಲಂಬರ್‌ನ ಕರೀರಿ ಅಂತ ಅರ್ಧ ಹಾಳ್ಯಾಗೆ ಬರ್ಕೊಟ್ಟು ಹೋದ್ರು. ನಮ್ಮ ಮ್ಯಾನೇಜರ್ ಎರಡು ತಿಂಗಳು ತನಿಖೆ ಮಾಡ್ಸೋಣ ಅಂತಿದ್ದ."

ಕಮಲಾಕ್ಷಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಇಷ್ಟು ವರ್ಷಗಳಲ್ಲಿ ಏನೋ ಆಗಿದೆ ಎಂದು ಹೇಳುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಏನೂ ಆಗಿಲ್ಲ ಎಂದು ಬರೆದು ಕೊಟ್ಟು ಸಹಿ ಹಾಕುವವರು ಸುಲಭವಾಗಿ ಸಿಗುವುದಿಲ್ಲ. ನಾಳೆ ಏನಾದರೂ ಆದರೆ ಆ ಸಹಿ ಕುತ್ತಿಗೆಗೆ ಬರುತ್ತದೆ. ಆ ಎಂಜಿನಿಯರಮ್ಮನ ಹೆಸರೇನು, ಫೋನು ನಂಬರ್ ಇದೆಯೇ ಎಂದು ಕೇಳಿದಳು.

ಹೆಸರು ರಾಜ್ಯಲಕ್ಷ್ಮಿ. ವಯಸ್ಸು ಐವತ್ತರ ಹತ್ತಿರ. ಮೊದಲು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಅದನ್ನು ಬಿಟ್ಟು ಹನ್ನೆರಡು ವರ್ಷಗಳಿಂದ ಒಬ್ಬರೇ ಇಂಥ ತನಿಖೆಗಳನ್ನು ಮಾಡುತ್ತಿದ್ದರು. ಕುಸಿದ ನೀರಿನ ಟ್ಯಾಂಕುಗಳು, ವಾಲಿದ ಕಾಂಪೌಂಡುಗಳು, ಗೋದಾಮುಗಳು. ನ್ಯಾಯಾಲಯದಲ್ಲಿ ಎದುರು ವಕೀಲರ ಪ್ರಶ್ನೆಗೆ ಅಲುಗದವರೆಂದು ಹೆಸರು. ಪಟಮಟ ಬಡಾವಣೆಯ ಅವರ ಮನೆಗೆ ಕಮಲಾಕ್ಷಿ ಮಾರನೇ ದಿನವೇ ಹೋದಳು. ಟೀ ಅವರೇ ಮಾಡಿ ಕೊಟ್ಟರು. ವಿಷಯ ಪೂರ್ತಿ ಕೇಳಿ ಲೋಟ ಕೆಳಗಿಟ್ಟರು.

"ನಾನು ಸಂದರ್ಶನಕ್ಕೆ ಬರೋದಿಲ್ಲ, ಕಮಲಾಕ್ಷಿಗಾರೂ," ಎಂದರು. ತೆಲುಗಿನ ಮಾತು, ಆದರೆ ಎದುರಿನವಳಿಗೆ ಅರ್ಥವಾಗಲೆಂದು ನಿಧಾನವಾಗಿ. "ರಾಮಮೋಹನ್ ಅವರೇ ಇಲ್ಲಿಗೆ ಬರಲಿ. ಸಿಂಗ್ ನಗರದಲ್ಲಿ ಒಂದು ಹಾಸ್ಟೆಲ್ ಮೂಲೆ ಕುಗ್ಗಿದೆ, ಕೋರ್ಟಿಗೆ ವರದಿ ಕೊಡಲು ನಾನು ನೋಡ್ತಾ ಇದ್ದೇನೆ. ನಾನು ಕೆಲಸ ಮಾಡೋದನ್ನು ಅವರು ನೋಡಲಿ. ಅವರು ಪಕ್ಕದಲ್ಲಿ ಹೇಗೆ ನಿಲ್ತಾರೆ ಅಂತ ನಾನೂ ನೋಡಬೇಕಲ್ಲ."

ಕಮಲಾಕ್ಷಿಗೆ ನಗು ಬಂತು. ಆಯ್ಕೆಗೆ ಬಂದವರು ಯಜಮಾನರನ್ನೇ ಆಯ್ಕೆ ಮಾಡಿಕೊಳ್ಳುವುದನ್ನು ಅವಳು ಮೊದಲ ಸಲ ಕಂಡಿದ್ದಳು. ತಾನು ಕರೆತರುತ್ತೇನೆಂದು ಮಾತು ಕೊಟ್ಟೇ ಬಂದಳು. ಕರೆತಂದಳು ಕೂಡ.

ಹಾಸ್ಟೆಲ್ ಮೂರು ಅಂತಸ್ತಿನ ಕಟ್ಟಡ. ಪ್ರವಾಹದ ಮೇಲೆ ಒಂದು ಮೂಲೆ ಕುಗ್ಗಿ, ಕಿಟಕಿಗಳ ಪಕ್ಕದಲ್ಲಿ ಓರೆಯಾಗಿ ಬಿರುಕು ಏರಿತ್ತು. ಹುಡುಗಿಯರನ್ನು ಆಗಲೇ ಬೇರೆ ಕಡೆಗೆ ಕಳಿಸಿದ್ದರು. ರಾಮಮೋಹನ್ ಕೋಲು ಊರಿಕೊಂಡು ಒಂದು ಸುತ್ತು ಬಂದು, ಪಾಯದ ಕೆಳಗಿನ ಮಣ್ಣನ್ನು ನೀರು ಎಳೆದುಕೊಂಡು ಹೋಗಿದೆ, ಇದರಲ್ಲಿ ನೋಡುವುದೇನಿದೆ ಎಂದರು. ರಾಜ್ಯಲಕ್ಷ್ಮಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅಗೆದು ನೋಡಿ ಹೇಳುತ್ತೇನೆ ಎಂದರು. ಕೂಲಿಯವರು ಅಗೆಯುವವರೆಗೆ ಮೂವರೂ ಬೇವಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ರಾಮಮೋಹನ್ ತಮ್ಮ ಹಳೆಯ ಕೇಸುಗಳ ಕಥೆ ಹೇಳಿದರು. ಆಕೆ ಶ್ರದ್ಧೆಯಿಂದ ಕೇಳಿದರು, ನಡುನಡುವೆ ಎದ್ದು ಹೋಗಿ ಗುಂಡಿ ನೋಡಿ ಬಂದರು, ಪಕ್ಕದ ಮನೆಯ ಮುದುಕಿಯ ಹತ್ತಿರ ನೀರು ಯಾವ ಕಡೆಯಿಂದ ಬಂತು, ಯಾವ ಕಡೆಗೆ ಹೋಯಿತು ಎಂದು ಕೇಳಿ ತಿಳಿದುಕೊಂಡರು.

ಮಧ್ಯಾಹ್ನದ ಹೊತ್ತಿಗೆ ಪಾಯ ಕಂಡಿತು. ಅದರ ಕೆಳಗೆ ಕೈ ತೂರುವಷ್ಟು ಟೊಳ್ಳು. ರಾಮಮೋಹನ್ ಹೇಳಿದ್ದೇ ಸರಿಯಾಗಿತ್ತು. ಅವರು ಹುಬ್ಬು ಏರಿಸಿ ಆಕೆಯ ಕಡೆ ನೋಡಿದರು.

"ನೀವು ಹೇಳಿದ್ದೇ ಸರಿ," ಎಂದರು ರಾಜ್ಯಲಕ್ಷ್ಮಿ, ಸೀರೆಯ ಅಂಚಿನ ಮಣ್ಣು ಕೊಡವುತ್ತ. "ಬೆಳಿಗ್ಗೆ ಅದು ನಿಮಗೊಬ್ಬರಿಗೇ ಗೊತ್ತಿತ್ತು. ಈಗ ಕೋರ್ಟಿಗೂ ಗೊತ್ತಾಗುತ್ತೆ."

ರಾಮಮೋಹನ್ ಜೋರಾಗಿ ನಕ್ಕರು. ಊಟಕ್ಕೆ ಕೂತಾಗ ಅವರ ಉತ್ಸಾಹ ನೋಡಬೇಕಿತ್ತು. ಗೊಂಗೂರ ಚಟ್ನಿಯನ್ನು ಎರಡೆರಡು ಸಲ ಹಾಕಿಸಿಕೊಂಡರು. ಕೆಲಸ ಮುಗಿಯಿತೆಂದೇ ಕಮಲಾಕ್ಷಿ ತಿಳಿದಳು. ಆಗ ರಾಜ್ಯಲಕ್ಷ್ಮಿ ತಮ್ಮ ಒಂದೇ ಒಂದು ಷರತ್ತು ಹೇಳಿದರು. ತಾವು ಮಾಡಿದ ತನಿಖೆಯ ವರದಿ ತಮ್ಮ ಸಹಿಯಲ್ಲೇ ಹೋಗಬೇಕು, ಹೋಗುವ ಮೊದಲು ಯಜಮಾನರ ಮೇಜಿಗೆ ಹೋಗಬಾರದು. ತಮ್ಮ ಲೆಕ್ಕವನ್ನು ಇನ್ನೊಬ್ಬರಿಂದ ಪರೀಕ್ಷೆ ಮಾಡಿಸಲು ತಾವು ಸಿದ್ಧ, ಆ ಇನ್ನೊಬ್ಬರು ರಾಮಮೋಹನ್ ಆಗಿರಬಾರದು, ಎಂದರು. ಜಗಳದ ದನಿಯೇನಿರಲಿಲ್ಲ. ಮಜ್ಜಿಗೆ ಬೇಕೇ ಎಂದು ಕೇಳಿದ ಹಾಗೆಯೇ ಹೇಳಿದರು. ರಾಮಮೋಹನ್ ಮಜ್ಜಿಗೆ ಬರುವ ಮೊದಲೇ ಕೈ ತೊಳೆಯಲು ಎದ್ದರು.

ಮರುದಿನ ಬೆಳಿಗ್ಗೆ ರತ್ನಾಚಲ್ ಎಕ್ಸ್‌ಪ್ರೆಸ್‌ನಲ್ಲಿ ವಾಪಸು ಹೊರಟಾಗ ಏಲೂರು ದಾಟುವ ಮೊದಲೇ ಅವರು ತೀರ್ಪು ಕೊಟ್ಟರು. ಹೆಂಗಸು ಒಳ್ಳೆಯವಳು, ಕೆಲಸವೂ ಗಟ್ಟಿ, ಆದರೆ ನಮ್ಮ ಕಚೇರಿಗೆ ಹೊಂದುವುದಿಲ್ಲ, ಬೇರೆಯವರನ್ನು ನೋಡು. ಕಮಲಾಕ್ಷಿ ಕಿಟಕಿಯ ಹೊರಗೆ ನೋಡುತ್ತ ಕೂತಳು. ಗೋದಾವರಿಯ ಸೇತುವೆ ಬಂತು, ಜನ ಎದ್ದು ನದಿಗೆ ಕೈಮುಗಿದರು, ಸೇತುವೆ ಹೋಯಿತು. ಇಷ್ಟು ದಿನ ಒಳಗೆ ಇಟ್ಟುಕೊಂಡದ್ದನ್ನು ಈಗ ಹೇಳದಿದ್ದರೆ ಇನ್ನೂ ಹತ್ತು ಜನರನ್ನು ಕರೆದು ಅವಮಾನ ಮಾಡಿ ಕಳಿಸಬೇಕಾಗುತ್ತದೆ ಎಂದು ಅವಳಿಗೆ ಅನ್ನಿಸಿತು. ಹೆದರಿಕೆಯೇನೂ ಆಗಲಿಲ್ಲ. ಕೆಲಸದ ಮಾತು, ಹೇಳಬೇಕಿತ್ತು, ಹೇಳಿದಳು.

"ಸಾರ್, ಬಂದವರಲ್ಲೆಲ್ಲ ನೀವು ದೋಷ ಕಂಡುಹಿಡಿದಿರಿ. ದೋಷ ಅವರಲ್ಲಿಲ್ಲ. ನಿಮಗೆ ಬೇಕಾಗಿರೋದು ನಲವತ್ತು ವರ್ಷದ ರಾಮಮೋಹನ್. ಅವರನ್ನು ನಾನೆಲ್ಲಿಂದ ತರಲಿ?"

ಅವರ ಮುಖ ಕೆಂಪಾಯಿತು. ನಿನಗೆ ಈ ಕೆಲಸದ ಬಗ್ಗೆ ಏನು ಗೊತ್ತು ಎಂದು ಕೇಳಿದರು. ಕಟ್ಟಡದ ಬಗ್ಗೆ ಗೊತ್ತಿಲ್ಲ, ಜನರ ಬಗ್ಗೆ ಗೊತ್ತು, ಅದಕ್ಕೇ ನೀವು ನನಗೆ ಸಂಬಳ ಕೊಡುವುದು ಎಂದಳು ಅವಳು. ಆಮೇಲೆ ಅವರು ಪತ್ರಿಕೆ ಅಡ್ಡ ಹಿಡಿದುಕೊಂಡರು. ವಿಶಾಖಪಟ್ಟಣದಲ್ಲಿ ಇಳಿದು ಒಬ್ಬರೇ ಆಟೋ ಹತ್ತಿ ಹೋದರು. ಅವಳ ಚೀಲವೂ ಅವರ ಚೀಲದೊಂದಿಗೆ ಅದೇ ಆಟೋದಲ್ಲಿ ಹೋಯಿತು. ಸಂಜೆ ಅವರ ಡ್ರೈವರ್ ಅದನ್ನು ಮನೆಗೆ ತಂದು ಕೊಟ್ಟ.

ಸುಮಾರು ದಿನ ಅವರು ಅವಳ ಜೊತೆ ಬೇಕಾದಷ್ಟೇ ಮಾತಾಡಿದರು. ಅವಳು ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದಳು. ಕೆಲಸ ಹೋದರೆ ಎಂದು ನಂದೀಶ್ ಫೋನಿನಲ್ಲಿ ಗಾಬರಿಪಟ್ಟ. ಹೋಗುವುದಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ರಾಮಮೋಹನ್ ಕೋಪ ಮಾಡಿಕೊಳ್ಳುತ್ತಾರೆ, ಆದರೆ ಎದುರಿಗಿಟ್ಟ ಸತ್ಯವನ್ನು ಮುಚ್ಚಿಡುವವರಲ್ಲ. ಜೀವಮಾನವೆಲ್ಲ ಅವರು ಮಾಡಿದ್ದು ಮುಚ್ಚಿದ ಸತ್ಯವನ್ನು ಹೊರತೆಗೆಯುವ ಕೆಲಸವನ್ನೇ.

ಬೇಸಿಗೆಯಲ್ಲಿ ಅವರ ಮೊಣಕಾಲಿನ ಶಸ್ತ್ರಚಿಕಿತ್ಸೆ ನಿಗದಿಯಾಯಿತು. ಅದೇ ವಾರ ಅನಕಾಪಲ್ಲಿಯಲ್ಲಿ ಬಿರುಗಾಳಿ ಮಳೆ ಬಂದು ಒಂದು ಬೆಲ್ಲದ ಗೋದಾಮಿನ ಛಾವಣಿ ಕುಸಿಯಿತು. ಜನರಿಗೆ ಏನೂ ಆಗಲಿಲ್ಲ. ಮಾಲೀಕ ದುರ್ಗಾಪ್ರಸಾದ್ ವಿಮೆ ಮಾಡಿಸಿದ್ದರು. ವಿಮೆಯವರು ಕಾರಣ ಹೇಳಿ ಎಂದು ಈ ಕಚೇರಿಗೆ ಒಪ್ಪಿಸಿದರು. ಆಸ್ಪತ್ರೆಗೆ ಸೇರಿದ್ದ ರಾಮಮೋಹನ್ ತಾವು ನಡೆಯುವವರೆಗೆ ಕಾಯಲಿ ಎಂದರು. ಕಾಯುವುದಕ್ಕೆ ಆಗುವುದಿಲ್ಲ, ಬೆಲ್ಲ ನೆನೆದು ನೀರಾಗುತ್ತಿದೆ ಎಂದಳು ಕಮಲಾಕ್ಷಿ. ಹಾಗಾದರೆ ಆ ವಿಜಯವಾಡದವರಿಗೆ ಇದೊಂದು ಕೆಲಸ ಕೊಡು, ಆದರೆ ವರದಿ ನಾನು ನೋಡಿದ ಮೇಲೆ ಹೋಗಲಿ ಎಂದರು. ನೀವು ನೋಡಿ ಕಳಿಸಿದರೆ ಅದು ಅವರ ಪರೀಕ್ಷೆಯಾಗುವುದಿಲ್ಲ ಎಂದಳು ಅವಳು.

"ಯಜಮಾನ ನೀನೋ, ನಾನೋ?"

"ನೀವೇ ಸಾರ್. ಅದಕ್ಕೇ ನಿಮ್ಮ ಒಪ್ಪಿಗೆ ಕೇಳ್ತಾ ಇರೋದು."

ನರ್ಸ್ ಸೂಜಿ ಹಿಡಿದು ಕಾಯುತ್ತಿದ್ದಳು. ಹೋಗು, ಮಾಡಿಕೋ ಎಂದು ಅವರು ಮುಖ ತಿರುಗಿಸಿದರು. ಕಮಲಾಕ್ಷಿ ಅದನ್ನು ಒಪ್ಪಿಗೆ ಎಂದೇ ತೆಗೆದುಕೊಂಡಳು.

ಅನಕಾಪಲ್ಲಿಗೆ ರಾಜ್ಯಲಕ್ಷ್ಮಿಯ ಜೊತೆ ಅವಳೂ ಹೋದಳು. ಮಂಡಿಯ ಬೀದಿಯಿಡೀ ಬೆಲ್ಲದ ವಾಸನೆ, ನೆಲಕ್ಕೆ ಚಪ್ಪಲಿ ಅಂಟುತ್ತಿತ್ತು. ಗೋದಾಮಿನ ಕಬ್ಬಿಣದ ತೊಲೆಗಳು ಒಂದರ ಮೇಲೊಂದು ಮಗುಚಿ ಬಿದ್ದಿದ್ದವು. ಗಾಳಿಯೇ ಕಾರಣವೆಂದು ಇಡೀ ಬೀದಿ ಹೇಳುತ್ತಿತ್ತು. ಗಾಳಿಯಾದರೆ ಪಕ್ಕದ ಹಳೆಯ ಗೋದಾಮು ಯಾಕೆ ನಿಂತಿದೆ ಎಂದು ರಾಜ್ಯಲಕ್ಷ್ಮಿ ಕೇಳಿದರು. ಎರಡು ದಿನ ಅಲ್ಲೇ ಇದ್ದು ತೊಲೆಗಳನ್ನು ಒಂದೊಂದಾಗಿ ಎತ್ತಿಸಿ ನೋಡಿದರು. ಒಂದು ತೊಲೆಯ ಕೆಳಮೈಯಲ್ಲಿ ಸರಪಳಿ ಉಜ್ಜಿ ಹೊಳಪಾದ ಗುರುತಿತ್ತು. ಬೆಲ್ಲದ ಅಚ್ಚುಗಳನ್ನು ಎತ್ತುವುದಕ್ಕೆಂದು ಮಾಲೀಕರು ಛಾವಣಿಯ ತೊಲೆಗೇ ಸರಪಳಿ ರಾಟೆ ತೂಗುಹಾಕಿದ್ದರು. ಆ ತೊಲೆ ಛಾವಣಿ ಹೊರಲು ಮಾಡಿದ್ದು, ಸರಕು ಎಳೆಯಲು ಮಾಡಿದ್ದಲ್ಲ. ವರ್ಷಗಳ ಕಾಲ ಎಳೆದೆಳೆದು ಅದು ಬಾಗಿತ್ತು. ಗಾಳಿ ಕೊನೆಯ ತಳ್ಳು ಕೊಟ್ಟಿತು.

ಇದನ್ನು ಆಕೆ ಮೊದಲು ಹೇಳಿದ್ದು ವಿಮೆಯವರಿಗಲ್ಲ. ದುರ್ಗಾಪ್ರಸಾದ್‌ರನ್ನು ಕರೆದು, ಬಾಗಿದ ತೊಲೆಯ ಪಕ್ಕದಲ್ಲಿ ನಿಲ್ಲಿಸಿಕೊಂಡು, ನಾನು ಬರೆಯುವುದು ಇದು, ನೀವು ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದು ವಿವರಿಸಿದರು. ಒಂದು ಕೋಲಿಗೆ ಹಗ್ಗ ಕಟ್ಟಿ ಎಳೆದು ತೋರಿಸಿದರು. ಕಮಲಾಕ್ಷಿಗೂ ಆಗಲೇ ಪೂರ್ತಿ ಅರ್ಥವಾಯಿತು. ದುರ್ಗಾಪ್ರಸಾದ್‌ಗೂ ಅರ್ಥವಾಯಿತು, ಅದಕ್ಕೇ ಅವರಿಗೆ ಅಷ್ಟು ಸಿಟ್ಟು ಬಂತು. ಬೆಳಿಗ್ಗೆ ತಿಂಡಿ ಕೊಟ್ಟು ಉಪಚರಿಸಿದ ಮನುಷ್ಯ, ಸಂಜೆ ಇಬ್ಬರಿಗೂ ಹೋಗಿಬನ್ನಿ ಎಂದು ಕೂಡ ಹೇಳಲಿಲ್ಲ. ಕಾರಿನಲ್ಲಿ ಕಮಲಾಕ್ಷಿ ಬೇಜಾರಿನಿಂದ ಕೂತಿದ್ದಳು. ಸಿಟ್ಟು ಬರಲಿ ಬಿಡಿ, ಅವರಿಗೆ ಇನ್ನೊಂದು ಗೋದಾಮಿದೆ, ಅದನ್ನು ಇವತ್ತು ಹೋಗಿ ನೋಡುತ್ತಾರೆ ಎಂದರು ರಾಜ್ಯಲಕ್ಷ್ಮಿ.

ವರದಿಯ ಲೆಕ್ಕವನ್ನು ಕಚೇರಿಯ ಇನ್ನೊಬ್ಬ ಎಂಜಿನಿಯರ್ ಪರೀಕ್ಷಿಸಿದ. ಆಕೆಯ ಸಹಿಯಲ್ಲಿ ವರದಿ ಹೋಯಿತು. ವಿಮೆಯವರು ಪ್ರಶ್ನೆ ಕೇಳಿದರು, ಆಕೆ ಉತ್ತರ ಬರೆದರು. ಗಾಳಿಗೆ ಎಷ್ಟು ಪಾಲು, ರಾಟೆಗೆ ಎಷ್ಟು ಪಾಲು ಎಂಬುದು ಅವರವರಲ್ಲಿ ಇತ್ಯರ್ಥವಾಯಿತು. ರಾಮಮೋಹನ್ ಮನೆಗೆ ಬಂದು ವಾಕರ್ ಹಿಡಿದು ನಡೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ವರದಿಯ ಒಂದು ಪ್ರತಿಯನ್ನು ಕಮಲಾಕ್ಷಿ ಅವರ ಮನೆಗೆ ಒಯ್ದು ಕೊಟ್ಟಳು. ಅವರು ಪೆನ್ಸಿಲ್ ತರಿಸಿಕೊಂಡರು. ಅವಳು ಅವರ ಹೆಂಡತಿಯ ಜೊತೆ ಹಿತ್ತಲಲ್ಲಿ ಕರಿಬೇವು ಬಿಡಿಸುತ್ತ ಕಾದಳು. ಬಹಳ ಹೊತ್ತಾದ ಮೇಲೆ ಒಳಗಿನಿಂದ ಕರೆದರು.

"ಒಂದು ಹಳ್ಳಿಯ ಹೆಸರಲ್ಲಿ ಅಕ್ಷರ ತಪ್ಪಿದೆ," ಎಂದರು.

ಆಮೇಲೆ ಪೆನ್ಸಿಲನ್ನು ಕೆಳಗಿಟ್ಟರು. ನಾನಾಗಿದ್ದರೆ ಗಾಳಿಗೆ ಇನ್ನೂ ಹೆಚ್ಚು ಪಾಲು ಕೊಡುತ್ತಿದ್ದೆ, ಅದು ತಪ್ಪಾಗುತ್ತಿತ್ತು ಎಂದರು. ಅವಳಿಗೆ ಅಷ್ಟು ವರ್ಷಗಳಲ್ಲಿ ಅವರ ಬಾಯಲ್ಲಿ ಕೇಳದ ಮಾತು ಅದು. ಅವರು ಹಾಗೆ ಹೇಳುವಾಗ ಸೋತವರ ಹಾಗೆ ಕಾಣಲಿಲ್ಲ. ಒಂದು ಒಳ್ಳೆಯ ಊಟ ಉಂಡವರ ಹಾಗೆ ಕಂಡರು. ಬೋರ್ಡಿನ ಮೇಲೆ ನನ್ನ ಹೆಸರು ಇರಲಿ, ಅವರ ವರದಿಗಳ ಮೇಲೆ ಬೇಡ, ಅವರನ್ನು ಕರೆಸು ಎಂದರು.

ಅದಾದ ಮೇಲೆ ಒಂದು ದಿನ ದುರ್ಗಾಪ್ರಸಾದ್ ಕಚೇರಿಗೆ ಫೋನು ಮಾಡಿದರು. ಬೈಯುವುದಕ್ಕೆ ಇರಬೇಕೆಂದು ಕಮಲಾಕ್ಷಿ ಗಂಟಲು ಸರಿಮಾಡಿಕೊಂಡಳು. ಇನ್ನೊಂದು ಗೋದಾಮಿನ ರಾಟೆ ಬಿಚ್ಚಿಸಿದ್ದೇನೆ, ತೊಲೆ ಸರಿಯಿದೆಯೋ ಇಲ್ಲವೋ ಆ ಮೇಡಮ್ ಒಂದು ಸಲ ಬಂದು ನೋಡಬೇಕು, ಈ ಸಲ ಕರೆಯುತ್ತಿರುವುದು ನಾನೇ ಎಂದರು.

ಅದೇ ದಿನಗಳಲ್ಲಿ ನಂದೀಶನ ವರ್ಗಾವಣೆಯ ಮಾತೂ ಬಂತು. ಅವನ ಧ್ವನಿಯಲ್ಲಿ ಹುರುಪಿತ್ತು.

"ದಾವಣಗೆರೆ ಖಾಲಿ ಐತಂತೆ. ಕೇಳಿದ್ರೆ ಕೊಡ್ತಾರೆ. ಕೇಳ್ಲಾ?"

ಎಷ್ಟೋ ವರ್ಷ ಅವಳೇ ಬಯಸಿದ್ದ ಊರು. ಅಕ್ಕ ತಂಗಿಯರು ಅಲ್ಲಿದ್ದರು. ಅವಳು ಸಮುದ್ರದ ಕಡೆಯ ಬಾಲ್ಕನಿಯಲ್ಲಿ ಬಟ್ಟೆ ಮಡಿಸುತ್ತ ಯೋಚಿಸಿದಳು. ಇಲ್ಲಿಗೆ ಬಂದಾಗ ಒಂದು ಮಾತೂ ಬಾರದ ಊರಿನಲ್ಲಿ ಈಗ ಅವಳು ಯಾರನ್ನು ಹುಡುಕಬೇಕೆಂದರೂ ಹುಡುಕಬಲ್ಲಳು. ದಾವಣಗೆರೆಗೆ ಹೋದರೆ ಅವಳು ಮತ್ತೆ ನಂದೀಶನ ಹೆಂಡತಿ, ಯಾರದೋ ತಂಗಿ. ಅದೂ ಕೆಟ್ಟದ್ದಲ್ಲ. ಆದರೆ ಈಗ ಬೇಡ.

"ಈಗ ಬ್ಯಾಡ ಕಣ್ರಿ," ಎಂದಳು. "ಆಯಮ್ಮನ್ನ ಅಲ್ಲಿಂದ ಎಬ್ಬಿಸ್ಕೊಂಡು ಬಂದು ಕೂರಿಸಿ, ನಾನು ಗಂಟು ಕಟ್ಟಿದ್ರೆ ಹೆಂಗೆ? ವೈಜಾಗ್ ಕೇಳ್ರಿ."

ನಂದೀಶ್ ಸ್ವಲ್ಪ ಹೊತ್ತು ಮುನಿಸಿಕೊಂಡ. ಆಮೇಲೆ ವಿಶಾಖಪಟ್ಟಣಕ್ಕೇ ಅರ್ಜಿ ಹಾಕಿದ. ಊರಂಚಿನ ಪೆಂಡುರ್ತಿ ಶಾಖೆ ಸಿಕ್ಕಿತು.

ಶ್ರಾವಣದಲ್ಲಿ ರಾಜ್ಯಲಕ್ಷ್ಮಿ ಬಂದು ಸೇರಿದರು. ಮೊದಲ ವಾರ ಯಾವುದನ್ನೂ ಬದಲಿಸಲಿಲ್ಲ. ಎಲ್ಲರ ಪಕ್ಕದಲ್ಲೂ ಒಂದೊಂದು ದಿನ ಕೂತು, ಅವರು ಏನು ಮಾಡುತ್ತಾರೆಂದು ನೋಡಿದರು. ಎರಡನೇ ವಾರ, ಹುಡುಗರು ಮಾಡಿದ ತನಿಖೆಗೆ ಹುಡುಗರೇ ಸಹಿ ಹಾಕಬೇಕು, ನಾನು ಪಕ್ಕದಲ್ಲಿ ಹಾಕುತ್ತೇನೆ ಎಂದರು. ಒಬ್ಬ ಹುಡುಗನಿಗೆ ತನ್ನ ಹೆಸರು ಅಚ್ಚಾದ ವರದಿ ಕೈಗೆ ಬಂದಾಗ ಅವನು ಅದನ್ನು ಫೋಟೋ ತೆಗೆದು ಮನೆಗೆ ಕಳಿಸಿದ್ದನ್ನು ಕಮಲಾಕ್ಷಿ ನೋಡಿದಳು. ರಾಮಮೋಹನ್ ಶನಿವಾರಗಳಂದು ಮಾತ್ರ ಬಂದು, ಚಹಾ ಕುಡಿಯುತ್ತ, ಹಳೆಯ ಕುಸಿತಗಳ ಫೋಟೋ ಹರಡಿ ಹುಡುಗರಿಗೆ ಪಾಠ ಹೇಳತೊಡಗಿದರು. ಒಮ್ಮೊಮ್ಮೆ ರಾಜ್ಯಲಕ್ಷ್ಮಿಯ ಕೋಣೆಯ ಬಾಗಿಲವರೆಗೂ ಹೋಗಿ, ಮೇಜಿನ ಮೇಲಿನ ವರದಿಯ ಕಡೆ ಕಣ್ಣು ಹಾಯಿಸಿ, ಹಾಗೇ ಹಿಂದೆ ಬರುತ್ತಿದ್ದರು. ಅದು ಪೂರ್ತಿ ಹೋಗುವ ಗುಣವಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಕಮಲಾಕ್ಷಿಗೆ ಈಗ ಹೊಸದೊಂದು ಕೆಲಸ ಬಂದಿತ್ತು: ಭೀಮುನಿಪಟ್ಟಣದ ಕಡೆ ಕರಾವಳಿಯುದ್ದಕ್ಕೂ ಉಪ್ಪುಗಾಳಿಗೆ ತುಕ್ಕು ಹಿಡಿದ ಕಟ್ಟಡಗಳನ್ನು ನೋಡುವುದಕ್ಕೆ ಇನ್ನೂ ನಾಲ್ಕು ಜನ ಬೇಕಿದ್ದರು.

ನಂದೀಶನ ಸಾಮಾನು ಹೊತ್ತ ಲಾರಿ ವಿಜಯವಾಡದಿಂದ ಬಂದ ದಿನ ಅವಳು ಅರ್ಧ ದಿನ ರಜೆ ಹಾಕಿದಳು. ಪೆಂಡುರ್ತಿಯಲ್ಲಿ ಮೂವರಿಗೂ ಹೊಸ ಬಾಡಿಗೆ ಮನೆ. ತನುಶ್ರೀ ಆಗಲೇ ಕಿಟಕಿ ಇರುವ ಕೋಣೆಯನ್ನು ತನ್ನದೆಂದು ಸಾರಿ ಬಾಗಿಲು ಹಾಕಿಕೊಂಡಿದ್ದಳು. ನಂದೀಶ್ ಲಾರಿಯವನಿಗೆ ಅರ್ಧ ದಾವಣಗೆರೆ, ಅರ್ಧ ತೆಲುಗಿನಲ್ಲಿ ಬೀರು ಎಲ್ಲಿಡಬೇಕೆಂದು ಹೇಳುತ್ತಿದ್ದ. ಬೀರು ಬಾಗಿಲಿಗೆ ಸಿಕ್ಕಿಕೊಂಡಿತು. ಕಮಲಾಕ್ಷಿ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದು, ಮೊದಲು ಅದರ ಕಾಲು ಬಿಚ್ಚಿ ಎಂದು ಲಾರಿಯವನಿಗೆ ಹೇಳಿ, ತಾನೂ ಒಂದು ಕಡೆ ಕೈ ಹಾಕಿದಳು.